ಸುದ್ದಿಯಿಂದ ಸೇವೆಗೆ

ಮೊಬೈಲಿಗೆ ಬಂದ ಸಂದೇಶವನ್ನು ಹತ್ತು ಮಂದಿಗೆ ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಭಾವಿಸುವುದುಂಟು. ಸುದ್ದಿಯು ಸೇವೆಯಾಗುವ ಬಗೆಯನ್ನು ಕೇರಳದಲ್ಲಿರುವ ನಮಗೆ 2018ರ ಆಗಸ್ಟ್ ತಿಂಗಳ ಮಹಾನೆರೆ ಕಲಿಸಿತು.

ಆಗ ರಾಜ್ಯ ಐ.ಟಿ. ಮಿಷನ್ ಹಾಗೂ ಸ್ವಯಂಸೇವಕ ಇಂಜಿನಿಯರರು ಸೇರಿ ‘ಕೇರಳ ರೆಸ್ಕ್ಯೂ’ ಎಂಬ ಜಾಲತಾಣವನ್ನು ರಚಿಸಿದರು. ನೀರಿನ ನಡುವೆ ಸಿಲುಕಿದವರ ಹೆಸರು, ಸ್ಥಳ, ಫೋನ್ ನಂಬ್ರ, ಬೇಕಾದ ನೆರವು ಅದರಲ್ಲಿ ದಾಖಲಾಗುತ್ತಿದ್ದವು. ಒಬ್ಬರ ಮುಖ ಒಬ್ಬರು ಕಾಣದ ಸ್ವಯಂಸೇವಕರು ಫೋನಿನಲ್ಲಿ ವಿಚಾರಿಸಿ, ವಿವರಗಳನ್ನು ರಕ್ಷಣಾ ಕೇಂದ್ರಗಳಿಗೆ ಮುಟ್ಟಿಸಿದರು. ಕರಾವಳಿಯ ಮೀನುಗಾರರು ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹೋಗಿ ಸಾವಿರಾರು ಜನರನ್ನು ಕಾಪಾಡಿದರು. ನೆರೆ ಇಳಿದ ಮೇಲೆ ಕೆಸರು ತುಂಬಿದ ಮನೆಗಳನ್ನು ತೊಳೆದವರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೂ ಇದ್ದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈಗಾಗಲೇ ಪಾರಾದವರ ಸಂದೇಶವೇ ಮತ್ತೆ ಮತ್ತೆ ಹರಡಿದರೆ ದೋಣಿಯು ಸುಮ್ಮನೆ ಅಲೆಯಬೇಕಾಗುತ್ತದೆ. ಅಷ್ಟು ಹೊತ್ತು ಬೇರೊಬ್ಬರು ಮಾಡಿನ ಮೇಲೆ ಕಾಯಬೇಕಾಗುತ್ತದೆ. ಆದುದರಿಂದ ದಿನಾಂಕ, ಸ್ಥಳಗಳನ್ನು ವಿಚಾರಿಸದೆ ಯಾವ ಸಂದೇಶವನ್ನೂ ನಾವು ದಾಟಿಸಬಾರದು. ನಿಜವೆಂದು ತಿಳಿದ ಮೇಲೆ ಕೈಲಾದ ಕೆಲಸಕ್ಕೆ ಇಳಿಯಬೇಕು. ಸುದ್ದಿ ದಾರಿ ತೋರಿಸೀತು. ದೋಣಿಯನ್ನು ನೂಕಲು ಕೈಗಳೇ ಬೇಕು.