ಇಳಿಯುವ ಜಾಗವಲ್ಲ, ಏರುವ ಜಾಗ ನೋಡು

ತಮ್ಮಾ,

ಪರೀಕ್ಷೆ ಮುಗಿದ ಮೇಲೆ ಗೆಳೆಯರ ಜೊತೆ ಈಸು ಕಲಿಯುತ್ತೇನೆ ಎಂದು ನಿಮ್ಮವ್ವನಿಗೆ ಹೇಳಿದ್ದೀಯಂತೆ. ಎಲ್ಲಿ ಎಂದು ಕೇಳಿದರೆ "ಹೊಳಿ ಐತಿ, ಹೊಲದಾಗ ಹೊಂಡ ಐತಿ, ಎಲ್ಲೆರ ಕಲೀತೇನಿ" ಎಂದೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ, ಸಿಟ್ಟೂ ಬಂದಿದೆ. ಹೊಳೆಮಣ್ಣೂರಿನಲ್ಲಿ ಹುಟ್ಟಿದವನಿಗೆ ಈಸು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಹೇಗೆ ಉಕ್ಕಿ ಬಂದಳು ಎಂಬುದನ್ನು ಕಂಡ ದಂಡೆಯವರು ನಾವು. ಆದರೆ ಎಲ್ಲಿ ಕಲಿಯಬೇಕು ಎಂಬುದನ್ನು ಗೆಳೆಯರ ಗುಂಪು ತೀರ್ಮಾನಿಸುವುದು ಬೇಡ.

ನಾನು ಕಲಿತದ್ದು ಹೊಲದ ಬಾವಿಯಲ್ಲಿ. ನೀರಿನೊಳಗಿನವರೆಗೂ ಕಲ್ಲಿನ ಪಾವಟಿಗೆಗಳಿದ್ದ ಬಾವಿ ಅದು. ಅಪ್ಪ ಎರಡು ಒಣ ಸೋರೆಬುರುಡೆಗಳನ್ನು ಹಗ್ಗದಿಂದ ಜೋಡಿಸಿ ನನ್ನ ಬೆನ್ನಿಗೆ ಕಟ್ಟುತ್ತಿದ್ದ. ಸೊಂಟಕ್ಕೆ ಇನ್ನೊಂದು ಹಗ್ಗ. ಅದರ ತುದಿ ದಂಡೆಯ ಮೇಲೆ ಕುಳಿತ ಅವನ ಕೈಯಲ್ಲಿ. ಎದೆಮಟ್ಟ ನೀರಿರುವ ಪಾವಟಿಗೆಗೆ ಇಳಿದು, ಮೇಲಿನದನ್ನು ಎರಡೂ ಕೈಯಿಂದ ಹಿಡಿದು ಕಾಲು ಬಡಿಯಬೇಕು. ನೀರು ಸುಮ್ಮನೆ ಮೇಲಕ್ಕೆ ಚಿಮ್ಮಿದರೆ ಬೈಗುಳ ಬೀಳುತ್ತಿತ್ತು: "ನೀರು ಹೊಡೀಬ್ಯಾಡಲೇ, ಹಿಂದಕ್ಕ ದಬ್ಬು." ಬಾಯಿಗೆ ನೀರು ಹೋಗಿ ನಾನು ಒದ್ದಾಡಿದರೆ ಹಗ್ಗ ಬಿಗಿಯುತ್ತಿತ್ತು, ಕಾಲಿಗೆ ಕಲ್ಲು ಸಿಗುತ್ತಿತ್ತು. ಕೆಲವು ದಿನಗಳಾದ ಮೇಲೆ ಒಂದು ಬುರುಡೆ ಬಿಚ್ಚಿದ, ಆಮೇಲೆ ಎರಡನೆಯದು. ಎದುರಿನ ಗೋಡೆ ಮುಟ್ಟಿ ತಿರುಗಿ ಬಂದ ದಿನ ಅವ್ವ ಮನೆಯಲ್ಲಿ ಮಾದಲಿ ಮಾಡಿದ್ದಳು.

ಹೊಳೆಗೆ ಇಳಿಯಲು ಅಪ್ಪ ಒಪ್ಪಿಕೊಂಡದ್ದು ಅದಾದ ಮುಂದಿನ ಬೇಸಿಗೆಯಲ್ಲಿ, ಅದೂ ಅವನು ಜೊತೆಗಿದ್ದಾಗ ಮಾತ್ರ. ಉದ್ದನೆಯ ಕೋಲಿನಿಂದ ತಳ ಮುಟ್ಟಿ ನೋಡಿದ ಮೇಲೆಯೇ ಹೆಜ್ಜೆ. ನನ್ನ ವಾರಿಗೆಯ ಗೆಳೆಯನೊಬ್ಬನಿಗೆ ಹೀಗೆ ಕಲಿಸುವವರು ಇರಲಿಲ್ಲ. ಮೊಣಕಾಲುಮಟ್ಟದ ನೀರಿನಲ್ಲಿ ಆಡುತ್ತಿದ್ದವನು ಒಂದೇ ಹೆಜ್ಜೆಗೆ ಮಡುವಿಗೆ ಬಿದ್ದ. ದಂಡೆಯ ಮೇಲೆ ಅವನ ಅಂಗಿ ಮಡಿಚಿಟ್ಟಂತೆಯೇ ಇತ್ತು, ಮೇಲೆ ಹಾರದಿರಲಿ ಎಂದು ಅವನೇ ಇಟ್ಟ ಕಲ್ಲು. ಆ ಅಂಗಿಯನ್ನು ಅವನ ಮನೆಗೆ ಒಯ್ದು ಕೊಟ್ಟವರಲ್ಲಿ ನಾನೂ ಒಬ್ಬ. ಅವನ ಅವ್ವ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

ಆಗ ಹೊಳೆಯ ತಳದಲ್ಲಿ ಬಹುಮಟ್ಟಿಗೆ ಉಸುಕಿತ್ತು, ಮಡು ಎಲ್ಲಿದೆ ಎಂದು ಹಿರಿಯರಿಗೆ ಗೊತ್ತಿತ್ತು. ಈಗ ಉಸುಕು ತೋಡಿದ ಗುಂಡಿಗಳು ಎಲ್ಲಿವೆಯೋ ಬಲ್ಲವರಿಲ್ಲ. ಗುಂಡಿಯ ಅಂಚಿನ ಉಸುಕು ಕಾಲಿಟ್ಟ ಕೂಡಲೇ ಕುಸಿಯುತ್ತದೆ. ಇನ್ನು ನೀರು ಬರುವುದು ನಮ್ಮೂರ ಮಳೆಯಿಂದಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಳೆ ಸುರಿದು, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ತುಂಬಿ ಗೇಟು ಎತ್ತಿದರೆ, ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಅತ್ತ ಹುಬ್ಬಳ್ಳಿ, ನವಲಗುಂದ ಕಡೆಯ ಎರಿ ಹೊಲಗಳ ನೀರನ್ನೆಲ್ಲ ಹೊತ್ತು ತರುವ ಬೆಣ್ಣಿಹಳ್ಳವೂ ಇದೇ ಹೊಳೆಗೆ ಸೇರುತ್ತದೆ. 2009ರ ಮಹಾಪೂರದಲ್ಲಿ ಹೊಳೆ ಈಸಿ ದಾಟುತ್ತಿದ್ದ ಗಟ್ಟಿಗರೂ ನೀರಿಗಿಳಿಯದೆ ದೋಣಿಯ ದಾರಿ ಕಾದದ್ದನ್ನು ನಾನು ನೋಡಿದ್ದೇನೆ. ಹೊಳೆಯನ್ನು ಬಲ್ಲವರೇ ಅದಕ್ಕೆ ಅಷ್ಟು ಅಂಜಿದರು. ನಿನಗೆ ಯಾವ ಧೈರ್ಯ?

ಹೊಳೆಗಿಂತಲೂ ನನಗೆ ಹೆದರಿಕೆ ಇರುವುದು ಕೃಷಿ ಹೊಂಡದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಹೊಂಡಗಳಾದವು. ಒಣ ಬೇಸಾಯಕ್ಕೆ ಅದು ದೊಡ್ಡ ಆಸರೆ, ಬೇಡ ಎನ್ನುವವನು ನಾನಲ್ಲ. ಆದರೆ ಅದರ ಆಳ 3 ಮೀಟರ್, ಹೆಚ್ಚುಕಡಿಮೆ ಎರಡಾಳು. ನೀರು ಇಂಗದಿರಲೆಂದು ತಳಕ್ಕೂ ಇಳಿಜಾರು ಬದಿಗಳಿಗೂ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಹಸಿ ಕಾಲು ನಿಲ್ಲುವುದಿಲ್ಲ, ಉಗುರಿಗೂ ಹಿಡಿತ ಸಿಗುವುದಿಲ್ಲ. ಈಸು ಬಲ್ಲವನೂ ದಂಡೆಗೆ ಬಂದು, ಏರಲಾರದೆ, ದಣಿದು ಮುಳುಗುತ್ತಾನೆ. ಮಗುವನ್ನು ಎತ್ತಲು ಇಳಿದ ತಂದೆತಾಯಿಯೂ ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ! ಕಾಲುವೆಯ ಮಾತೂ ಅಷ್ಟೇ: ನುಣುಪು ಕಾಂಕ್ರೀಟು, ಮೇಲೆ ಸೆಳವು.

ಹಾಗಾದರೆ ಎಲ್ಲಿ ಎನ್ನುತ್ತೀಯಾ? ಪಟ್ಟಣದ ಈಜುಕೊಳ ಒಳ್ಳೆಯದೇ. ಆಳ ಬರೆದಿರುತ್ತದೆ, ಕಲಿಸುವವರಿರುತ್ತಾರೆ. ಕಾಕಾನ ಮನೆಯಲ್ಲಿದ್ದು ಹೋಗಿ ಬರುವುದಾದರೆ ನಾನು ತಡೆಯುವುದಿಲ್ಲ. ಆದರೆ ನನ್ನ ಮನಸ್ಸು ಪಾವಟಿಗೆ ಬಾವಿಯ ಕಡೆಗೇ ಇದೆ. ಸೂಡಿಯ ನಾಗಕುಂಡ ನೋಡಿದ್ದೀಯಲ್ಲ? ಚಾಲುಕ್ಯರ ಕಾಲದವರು ನೀರು ಏರಲಿ ಇಳಿಯಲಿ, ಕಾಲಿಡಲು ಒಂದು ಮೆಟ್ಟಿಲು ಇರುವಂತೆ ಕಟ್ಟಿದರು. ಕಲಿಯುವವನಿಗೆ ಬೇಕಾದದ್ದು ಅದೇ. ನಿಲ್ಲಲು ಎದೆಮಟ್ಟ ನೀರು, ಹಿಡಿಯಲು ಕಲ್ಲು, ಮೇಲೆ ಹಗ್ಗ ಹಿಡಿದ ಒಬ್ಬ ಬಲ್ಲವನು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಕಲಿಯುವ ಜಾಗವಲ್ಲ.

ಇನ್ನೊಂದು ಮಾತು. ಗೆಳೆಯ ಮುಳುಗುತ್ತಿದ್ದರೆ ಹಾರಬೇಡ. ಹಗ್ಗ ಎಸೆ, ಧೋತರ ಎಸೆ, ಖಾಲಿ ಕ್ಯಾನು ಎಸೆ, ಕೂಗು. ಮುಳುಗುವವನು ಕೈಗೆ ಸಿಕ್ಕವನನ್ನು ಅಪ್ಪಿ ಹಿಡಿದು ಒಳಗೆ ಎಳೆಯುತ್ತಾನೆ. ಅದು ಅವನ ತಪ್ಪಲ್ಲ.

ಬೈದೆನೆಂದು ಬೇಜಾರಾಗಬೇಡ, ತಮ್ಮಾ. ನೀನು ಕಲಿಯಬೇಕೆಂಬ ಆಸೆ ನಿನಗಿಂತ ನನಗೇ ಹೆಚ್ಚು. ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಮನೆಗೆ ಬಾ; ಹಗ್ಗ ನಾನು ಹಿಡಿಯುತ್ತೇನೆ. ಗೆಳೆಯರನ್ನೂ ಕರೆದು ತಾ. ಹೊಂಡವಿರುವ ರೈತಬಂಧುಗಳಲ್ಲೂ ನನ್ನ ಬೇಡಿಕೆ ಒಂದೇ: ಸುತ್ತ ಬೇಲಿ ಹಾಕಿ, ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಅದಕ್ಕೆ ಆಗುವ ಖರ್ಚು ಒಂದು ಜೀವದ ಮುಂದೆ ಏನೂ ಅಲ್ಲ.

ಇಂತಿ,
ನಿನ್ನ ದೊಡ್ಡಪ್ಪ
ಹೊಳೆಮಣ್ಣೂರ