ಗಾಳಿ ಇಲ್ಲದ ದಿನದ ಅಲೆ

ಫೋನಿಗೆ ಬಂದ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಿ, ‘ಒಂದೂವರೆ ಮೀಟರಾ, ಅಡ್ಡಿಲ್ಲ’ ಎಂದು ದೋಣಿ ನೂಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎತ್ತರದ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡು. ಏಪ್ರಿಲ್ ಕೊನೆಯಲ್ಲಿ ನಾವು ಕಡಲಿಗಿಳಿದ ಒಂದು ದಿನ ಅದು 18 ಇತ್ತು. ಇಲ್ಲಿನ ಗಾಳಿ ಎಬ್ಬಿಸುವ ಅಲೆಗೆ ಐದಾರು ಸೆಕೆಂಡು. 18 ಎಂದರೆ ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ ನಾಲ್ಕೈದು ದಿನ ನಡೆದು ಬಂದ ಅಲೆ. ಕೇರಳದಲ್ಲಿ ಕಳ್ಳಕ್ಕಡಲ್ ಎನ್ನುವುದು ಇದನ್ನೇ.

ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್‌ನ ಕಂಪ್ಯೂಟರ್ ಅದನ್ನು ಮೊದಲೇ ಹಿಡಿದಿತ್ತು. ನಾನೇ ನೋಡಿದ್ದೆ. ಆದರೆ ನಮ್ಮ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿದ ಅಧಿಕಾರಿ ಸೆಕೆಂಡಿನ ಸಾಲನ್ನೇ ಕತ್ತರಿಸಿದ್ದರು. ಕೇಳಿದರೆ, ಅದೆಲ್ಲ ಮೀನುಗಾರರಿಗೆ ಅರ್ಥ ಆಗುವುದಿಲ್ಲವಂತೆ. ಅಲೆ ಮೀನುಗಾರರಿಗೆ ಅರ್ಥ ಆಗುವುದಿಲ್ಲ!

ದೋಣಿ ನಡೆಸುವ ಭಾವನಿಗೆ ಹೇಳಿದೆ. ಅವರು ಆಕಾಶ ನೋಡಿದರು. “ಗಾಳಿಯೇ ಇಲ್ಲ ಮಾರಾಯ, ಅಲೆ ಎಲ್ಲಿಂದ ಬತ್ತ್?” ಜನ ಕಡಿಮೆ ಇದ್ದರು, ನಾನೂ ಹತ್ತಿದೆ.

ಹೋಗುವಾಗ ನೀರು ಭರತದಲ್ಲಿತ್ತು, ಗಂಗೊಳ್ಳಿ ಅಳಿವೆ ದಾಟಿದ್ದೇ ತಿಳಿಯಲಿಲ್ಲ. ಹೊರಗೆ ಕಡಲು ಎಣ್ಣೆ ಹೊಯ್ದ ಹಾಗೆ. ಆಳ ಕಡಲಲ್ಲಿ ಇಂಥ ಅಲೆಯ ತುದಿಯಿಂದ ತುದಿಗೆ ಅರ್ಧ ಕಿಲೋಮೀಟರ್, ಕಣ್ಣಿಗೆ ಏನು ಕಾಣುತ್ತದೆ? ದಡದ ಹತ್ತಿರ ನೆಲ ತಾಗಿದಂತೆ ಅದರ ನಡಿಗೆ ನಿಧಾನವಾಗಿ, ಎತ್ತರ ಏರುತ್ತದೆ. ಹೊಳೆಯ ಇಳಿತದ ನೀರು ಎದುರು ನುಗ್ಗಿದರೆ ಗೋಡೆ ಎದ್ದಷ್ಟು ಕಡಿದು. ನಾವು ತಿರುಗಿ ಬಂದದ್ದು ಸರಿಯಾಗಿ ಇಳಿತದಲ್ಲಿ.

“ಭಾವ, ಭರತ ಬರಲಿ, ಹೊರಗೇ ನಿಲ್ಲುವ” ಎಂದೆ. ಐಸ್ ಕರಗುತ್ತಿತ್ತು, ಅವರಿಗೆ ಬಂಗುಡೆಯ ದರದ ಚಿಂತೆ. ಎಂಜಿನ್ ಪೂರ್ತಿ ಬಿಟ್ಟರು. ಮೊದಲ ಅಲೆ ನಮ್ಮಡಿಯಿಂದ ಹೋಯಿತು, ಎರಡನೆಯದೂ. ಮೂರನೆಯದು ಹಿಂದೆ ಎದ್ದಾಗ ಅದರ ಮೇಲಿನ ಆಕಾಶ ಕಾಣಲು ತಲೆ ಎತ್ತಬೇಕಾಯಿತು. ದೋಣಿಯ ಹಿಂಭಾಗ ಮೇಲಕ್ಕೆ ಹೋಯಿತು. ಫ್ಯಾನು ನೀರಿನಿಂದ ಹೊರಬಂದು ಕಿರುಚಿತು. ದೋಣಿ ಅಡ್ಡ ತಿರುಗಿತು. ಬಲೆಯ ರಾಶಿ ಮೊಣಕಾಲಿನ ಮೇಲೆ ಜಾರಿದ್ದು ನೆನಪಿದೆ. ಆಮೇಲೆ ನೀರು, ಮರಳು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದು. ಕಾಲಿಗೆ ಬಲೆ, ಎಳೆದಷ್ಟೂ ಬಿಗಿ. ಬಾಯಿ ತೆರೆಯಬಾರದು ಎಂದು ಗೊತ್ತಿದ್ದೂ ತೆರೆದೆ. ಯಾರದೋ ಕೈ ನನ್ನ ಲೈಫ್ ಜಾಕೆಟ್ಟಿನ ಕೊರಳು ಹಿಡಿದು ಎಳೆಯಿತು. ಎಲ್ಲರೂ ಜಾಕೆಟ್ ಹಾಕದೆ ದೋಣಿ ಹೊರಡಬಾರದು ಎಂದು ಬೆಳಿಗ್ಗೆ ಹಠ ಹಿಡಿದವನು ನಾನು. ಆಗ ನಕ್ಕವರೆಲ್ಲ ಬದುಕಿ ದಡ ಸೇರಿದರು. ಊರಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ಹಾಗಾಗಿ ನಾನೇ ಹೇಳಿಕೊಳ್ಳಬೇಕು.

ಸೆಕೆಂಡು 15 ದಾಟಿದ ದಿನ ಇಳಿತದಲ್ಲಿ ಅಳಿವೆಗೆ ಬರಬೇಡಿ. ಮುನ್ಸೂಚನೆಯ ಎತ್ತರ ಎಂದರೆ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಅದರ ಎರಡರಷ್ಟು ಎತ್ತರದ್ದೂ ಬರಬಹುದು. ಆ ಅಂಕಿ ಹೊರಗಿನ ಕಡಲಿನದು ಬೇರೆ, ಅಳಿವೆಯದಲ್ಲ. ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವ ಅಳಿವೆಯ ಮರಳ ದಿಬ್ಬ ಭಾವನಂಥವರಿಗೇ ಚೆನ್ನಾಗಿ ಗೊತ್ತು, ಅಷ್ಟನ್ನು ಒಪ್ಪುತ್ತೇನೆ.

ಭಾವ ಈಗಲೂ ಬೈಯುವುದು ಎಂಜಿನನ್ನು. ದೋಣಿಯ ಪರಿಹಾರಕ್ಕೆ ಅರ್ಜಿ ಹಾಕಿದೆವು. ಅದೇ ಅಧಿಕಾರಿ ‘ಸದರಿ ದಿನ ಚಂಡಮಾರುತ ಇರಲಿಲ್ಲ’ ಎಂದು ಷರಾ ಬರೆದು ವಾಪಸ್ ಕಳಿಸಿದ್ದಾರೆ. ಮೇಲ್ಮನವಿ ಬರೆಯುತ್ತಿದ್ದೇನೆ.