ಜೆಸಿಬಿ ಕರೆಸುವ ಮೊದಲು: ನೆಲದಡಿಯ ಲೈನಿನ ಗುರುತು ಕೇಳುವುದು ಯಾವಾಗ?

ಕೃಷಿ ಹೊಂಡಕ್ಕೆ ಜಾಗ ಗೊತ್ತುಮಾಡುವಾಗ ರೈತರು ಇಳಿಜಾರು ನೋಡುತ್ತಾರೆ, ಮಣ್ಣು ನೋಡುತ್ತಾರೆ, ಮಳೆನೀರು ಹರಿದು ಬರುವ ದಿಕ್ಕು ನೋಡುತ್ತಾರೆ. ನೆಲದಡಿ ಏನಿದೆ ಎಂಬ ವಿಚಾರಣೆ ಮಾತ್ರ ಜೆಸಿಬಿ ಹೊಲಕ್ಕೆ ಬಂದು ನಿಂತ ಮೇಲೆ, ಅದೂ ಯಾರಾದರೂ ನೆನಪಿಸಿದರೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ ಕೆಲಸ ನಿಲ್ಲಿಸಿ ಫೋನ್ ಮಾಡುವವರು ಅಪರೂಪ. ಆದ್ದರಿಂದ ಗುರುತು ಹಾಕಿಕೊಡಿ ಎಂದು ಕೇಳಬೇಕಾದ್ದು ಜಾಗ ಬದಲಿಸಲು ಇನ್ನೂ ಅವಕಾಶವಿರುವಾಗ, ಅಂದರೆ ಅಳತೆ ಹಿಡಿಯುವ ಹಂತದಲ್ಲೇ. ಮುಂಗಾರಿಗೆ ಮೊದಲು ಹೊಂಡ ಮುಗಿಯಬೇಕಿದ್ದರೆ ಬೇಸಿಗೆಯ ಆರಂಭದಲ್ಲೇ ವಿಚಾರಿಸುವುದು ಕ್ಷೇಮ.

ದಾಭೋಳ–ಬೆಂಗಳೂರು ಗ್ಯಾಸ್ ಕೊಳವೆ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಯ ಹೊಲಗಳನ್ನು ಹಾದು ಬರುತ್ತದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಬರುವ ತೈಲದ ಕೊಳವೆಯೂ ಹಾಗೆಯೇ. ಇಂಥ ಕೊಳವೆಗಳ ಮೇಲೆ ಸಾಮಾನ್ಯವಾಗಿ ಸುಮಾರು 1 ಮೀಟರ್ ಮಣ್ಣಿರುತ್ತದೆ. ನೇಗಿಲು, ಕುಂಟೆ ಅಲ್ಲಿಗೆ ಮುಟ್ಟುವುದಿಲ್ಲ. ಎಂದಿನ ಉಳುಮೆ, ಬಿತ್ತನೆಗೆ ಯಾರನ್ನೂ ಕೇಳಬೇಕಿಲ್ಲ. ಆದರೆ ಕೃಷಿ ಹೊಂಡದ ಆಳ 3 ಮೀಟರ್. ತೆಂಗಿನ ಗುಂಡಿಯೇ 1 ಮೀಟರ್. ಬೋರ್‌ವೆಲ್, ಆಳದ ಬಸಿಗಾಲುವೆ, ಬೇಲಿಯ ಕಲ್ಲುಕಂಬ ಎಲ್ಲವೂ ಕೇಳಿಯೇ ಮಾಡಬೇಕಾದ ಕೆಲಸಗಳು. ಹೊಲ ಸಮತಟ್ಟು ಮಾಡುವುದನ್ನೂ ಇದಕ್ಕೆ ಸೇರಿಸುತ್ತೇನೆ: ಮೇಲುಮಣ್ಣು ಕೆರೆದು ತೆಗೆದಷ್ಟೂ ಕೊಳವೆಯ ಮೇಲಿನ ಹೊದಿಕೆ ತೆಳುವಾಗುತ್ತದೆ.

ಹೊಲ ನನ್ನದು, ಅಪ್ಪಣೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 1962ರ ಪೆಟ್ರೋಲಿಯಂ ಕೊಳವೆ ಮಾರ್ಗಗಳ ಕಾಯ್ದೆ ಜಮೀನಿನ ಒಡೆತನವನ್ನು ರೈತನ ಬಳಿಯೇ ಉಳಿಸಿದೆ. ಆದರೆ ಬಳಕೆ ಹಕ್ಕು ಪಡೆದ ಪಟ್ಟಿಯಲ್ಲಿ ಕಟ್ಟಡ, ಬಾವಿ, ಕೆರೆ ಮಾಡುವುದನ್ನೂ ಮರ ನೆಡುವುದನ್ನೂ ತಡೆದಿದೆ. ಸೂಚನಾ ಕಂಬಗಳಿವೆಯಲ್ಲ, ಅಂದಾಜು ಸಾಕು ಎನ್ನುವವರೂ ಇದ್ದಾರೆ. ಎರಡು ಕಂಬಗಳ ನಡುವೆ ಕೊಳವೆ ತಿರುವು ತೆಗೆದುಕೊಂಡಿರಬಹುದು, ಟ್ರ್ಯಾಕ್ಟರ್ ತಗುಲಿ ಕಂಬವೇ ಜರುಗಿರಬಹುದು. ಇನ್ನು, ಬಕೆಟ್ಟಿನ ಹಲ್ಲು ಸ್ವಲ್ಪ ತಾಗಿದರೂ ಸೋರಿಕೆ ಇಲ್ಲದಿದ್ದರೆ ಮಣ್ಣು ಮುಚ್ಚಿಬಿಡುವುದು ಎಲ್ಲಕ್ಕಿಂತ ಅಪಾಯ. ಬೆಲ್ಜಿಯಂನ ಗಿಲೆಂಗಿಯನ್‌ನಲ್ಲಿ 2004ರ ಜುಲೈ 30ರಂದು ಗ್ಯಾಸ್ ಕೊಳವೆ ಸಿಡಿದು 24 ಜನ ಸತ್ತರು; ಕಾಮಗಾರಿಯ ಯಂತ್ರ ಅದಕ್ಕೂ ಮುಂಚೆಯೇ ಆ ಕೊಳವೆಗೆ ಪೆಟ್ಟು ಮಾಡಿತ್ತು. ಗೀರು ಬಿದ್ದರೂ ಕೆಲಸ ನಿಲ್ಲಿಸಿ, ಎಲ್ಲರನ್ನೂ ದೂರ ಕಳುಹಿಸಿ, ತಿಳಿಸಲೇಬೇಕು. ದೊಡ್ಡ ಸಾಗಣೆ ಕೊಳವೆಯ ಗ್ಯಾಸಿಗೆ ಸಾಮಾನ್ಯವಾಗಿ ವಾಸನೆ ಬೆರೆಸಿರುವುದಿಲ್ಲವಾದ್ದರಿಂದ ಮೂಗನ್ನು ನಂಬುವಂತಿಲ್ಲ.

ಗ್ಯಾಸ್, ತೈಲದ ಕೊಳವೆಗೆ ಸೂಚನಾ ಕಂಬದ ಮೇಲಿನ ನಂಬರಿಗೆ, ವಿದ್ಯುತ್ ಕೇಬಲ್ಲಿಗೆ ಎಸ್ಕಾಂ ಶಾಖಾ ಕಚೇರಿಗೆ, ಕುಡಿಯುವ ನೀರಿನ ಪೈಪಿಗೆ ಪಂಚಾಯಿತಿಗೆ ಕೇಳಿ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮಾರ್ಚ್‌ನಲ್ಲಿ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ಅಗೆಯುವ ಜಾಗ ದಾಖಲಿಸಿದರೆ ಅಲ್ಲಿನ ಲೈನುಗಳ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ಅಗೆತದಿಂದ ಹಾಳಾಗುವ ಫೈಬರ್ ಕೇಬಲ್ ಮುಂತಾದವುಗಳ ನಷ್ಟವನ್ನು ಸರ್ಕಾರ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ಎಂದು ಲೆಕ್ಕಹಾಕಿದೆ. ಆದರೂ ಆ್ಯಪ್ ಒಂದನ್ನೇ ನೆಚ್ಚಿ ಕೂರಬೇಡಿ. ಉತ್ತರ ಬರಲಿಲ್ಲ ಎಂದರೆ ಲೈನ್ ಇಲ್ಲ ಎಂದಲ್ಲ. ಗುರುತು ಹಾಕಿದ ಮೇಲೆ ಮಳೆ ಬಂದು ಸುಣ್ಣ ಅಳಿಸಿದರೆ, ಕೆಲಸ ಮುಂದಕ್ಕೆ ಹೋದರೆ, ಮತ್ತೆ ಹಾಕಿಸಿ. ಸಂಸ್ಥೆಗಳು ಗುರುತಿಸುವುದು ತಮ್ಮ ಲೈನನ್ನು ಮಾತ್ರ. ನಿಮ್ಮದೇ ಪಂಪ್‌ಸೆಟ್ ಕೇಬಲ್, ಪಕ್ಕದ ಜಮೀನಿನವರು ನಿಮ್ಮ ಬದುವಿನಡಿ ಎಳೆದ ಪಿವಿಸಿ ಪೈಪು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಆ ಪೈಪು ಹಾಕಿಸಿದವರನ್ನು ಕರೆದು, ಹೊಲ ಸುತ್ತಿ, ಅದರ ದಾರಿಗೂ ಸುಣ್ಣದ ಗೆರೆ ಎಳೆಸಿಕೊಳ್ಳಿ.